ಮಹಾದೇವಿಯ ಕಾರ್ಡಿನ ಖಾಲಿ ಸಾಲು

ಮೂರು ವರ್ಷಗಳ ಹಿಂದೆ, ತಿಕೋಟಾ ಕಡೆಯ ತೋಟಗಳಲ್ಲಿ ದ್ರಾಕ್ಷಿ ಕಟಾವು ಮುಗಿದು ಶೆಡ್ಡುಗಳಲ್ಲಿ ಒಣದ್ರಾಕ್ಷಿ ತಯಾರಾಗುತ್ತಿದ್ದ ಬೇಸಿಗೆಯಲ್ಲಿ, ನಾನು ವಿಜಯಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಕೆಳಗೆ ಬಳೆ ಅಂಗಡಿ, ಮೇಲೆ ನಮ್ಮ ಆಫೀಸು. ಡೇಟಾಬೇಸಿನ ಕೆಲಸವೆಲ್ಲ ನನ್ನ ಪಾಲಿಗೆ. ನನ್ನ ಕೋಡಿನಲ್ಲಿ ತಪ್ಪು ಹುಡುಕಿದವರಿಗೆ ಚಹಾ ಕುಡಿಸುತ್ತೇನೆ ಎಂದು ಹುಡುಗರ ಮುಂದೆ ಪಂಥ ಕಟ್ಟುತ್ತಿದ್ದೆ. ಚಹಾದ ಖರ್ಚು ಹೆಚ್ಚು ಬಂದಿರಲಿಲ್ಲ, ಹಾಗಾಗಿ ಸೊಕ್ಕು ಬಂದಿತ್ತು. ಬೇರೆ ಶಬ್ದ ಹುಡುಕುವುದು ಬೇಡ, ಅದು ಸೊಕ್ಕೇ.

ನಗರದ ಒಂದು ಧರ್ಮಾರ್ಥ ಆಸ್ಪತ್ರೆಗೆ ನಾವು ಆರೋಗ್ಯ ಶಿಬಿರಗಳ ನೋಂದಣಿ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆವು. ಬಬಲೇಶ್ವರ, ತಿಕೋಟಾ ಸುತ್ತಿನ ಹಳ್ಳಿಗಳಲ್ಲಿ ಬಸುರಿಯರ ತಪಾಸಣೆ ಶಿಬಿರ. ಹೆಸರು, ಊರು, ವಯಸ್ಸು, ಗಂಡನ ಹೆಸರು, ರಕ್ತದ ಗುಂಪು ಇಷ್ಟನ್ನು ಲ್ಯಾಪ್‌ಟಾಪಿನಲ್ಲಿ ತುಂಬಿದರೆ ಪಕ್ಕದ ಸಣ್ಣ ಪ್ರಿಂಟರಿನಿಂದ ಕಾರ್ಡು ಹೊರಬರಬೇಕು. ಶಿಬಿರದ ಜಾಗಗಳಲ್ಲಿ ನೆಟ್‌ವರ್ಕ್ ನಂಬುವಂತಿರಲಿಲ್ಲ, ಲ್ಯಾಪ್‌ಟಾಪುಗಳೂ ಹಳೆಯವು. ಅದಕ್ಕೆ ದೊಡ್ಡ ಡೇಟಾಬೇಸ್ ಬೇಡವೆಂದು ಸಿ ಭಾಷೆಯಲ್ಲಿ ನಾನೇ ಒಂದು ಚಿಕ್ಕ ಡೇಟಾಬೇಸ್ ಎಂಜಿನ್ ಬರೆದಿದ್ದೆ.

ಅದರಲ್ಲಿ ನನಗೆ ಬಹಳ ಅಭಿಮಾನದ ಒಂದು ಗುಂಡಿ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಎಂಜಿನಿಯರಿಂಗ್ ಓದಿ, ನೌಕರಿ ಮಾಡಿ, ಎರಡು ಮಕ್ಕಳ ತಾಯಿಯಾದರೂ ಮನೆಯಲ್ಲಿ ಇವತ್ತಿಗೂ ‘ಏನ್ರಿ’, ಹೊರಗೆ ‘ನಮ್ಮ ಮನಿಯವರು’. ಶಿಬಿರದಲ್ಲಿ ಹೆಸರು ಕೇಳಿದರೆ ಹೆಂಗಸರು ನಕ್ಕು ಸೆರಗು ಬಾಯಿಗೆ ಹಿಡಿಯುತ್ತಾರೆ, ಸಾಲು ನಿಂತುಬಿಡುತ್ತದೆ. ಆದ್ದರಿಂದ ಆ ಜಾಗದಲ್ಲಿ ‘ಆಮೇಲೆ’ ಎಂಬ ಒಂದು ಗುಂಡಿ ಇಟ್ಟೆ. ಒತ್ತಿದರೆ ಹೆಸರಿನ ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತದೆ. ಆಮೇಲೆ ಯಾರಾದರೂ ಗಂಡಸರು ಬಂದಾಗ ತುಂಬಿಕೊಳ್ಳಬಹುದು. ಊರಿನ ರೀತಿ ಬಲ್ಲವರಷ್ಟೇ ಇಂಥದ್ದನ್ನು ಮಾಡಬಲ್ಲರು ಎಂದು ಆಸ್ಪತ್ರೆಯವರು ಹೊಗಳಿದ್ದರು. ನಾನೂ ಉಬ್ಬಿದ್ದೆ.

ಬಬಲೇಶ್ವರದ ಶಿಬಿರ ಮುಗಿದ ಮೇಲೆ ಒಂದು ಮುಂಜಾನೆ ಆಸ್ಪತ್ರೆಯ ಮ್ಯಾನೇಜರ್ ಫೋನ್ ಮಾಡಿದರು. ನಾನು ಆಗ ಬೇರೆ ಯಾವುದೋ ಕೆಲಸದಲ್ಲಿ ತಲೆ ತೂರಿಸಿ ಕೂತಿದ್ದೆ.

“ಮೇಡಮ್, ಸ್ಪೀಕರ್ ಹಾಕೇನ್ರಿ. ಇಲ್ಲೆ ಜೈನಾಪುರದವರು ಬಂದಾರ. ಕಾರ್ಡಿನ್ಯಾಗ ಗಂಡನ ಹೆಸರು ತಪ್ಪ್ ಬಂದೈತಿ ಅಂತಾರ. ಕಂಪ್ಯೂಟರ್ ತಾನಾಗೇ ಬ್ಯಾರೆ ಹೆಸರು ಹಾಕತೈತೇನ್ರಿ?”

ಕಾರ್ಡು ಯಾರದು, ಯಾವ ಹೆಸರು ಬಂದಿದೆ, ನೋಂದಣಿಗೆ ಕೂತವರು ಯಾರು, ಒಂದನ್ನೂ ನಾನು ಕೇಳಲಿಲ್ಲ. “ಸಾಧ್ಯನ ಇಲ್ರಿ” ಎಂದೆ. “ಯಾರರ ಹೇಳಿರತಾರ, ಇವರು ಹೊಡದಿರತಾರ. ಕಂಪ್ಯೂಟರ್ ತಾನಾಗಿ ಹೆಸರು ಹಡಿಯಂಗಿಲ್ಲ.” ಹೇಳಿ ನಕ್ಕೆ. ಆ ಕಡೆ ಯಾರೂ ನಗಲಿಲ್ಲ. ನಾನು ಫೋನಿಟ್ಟು ಕೆಲಸಕ್ಕೆ ಹಿಂತಿರುಗಿದೆ.

ಆ ನಗುವಿನಿಂದ ಏನಾಯಿತೆಂಬುದು ಎರಡು ದಿನ ಬಿಟ್ಟು ಗೊತ್ತಾಯಿತು. ಶಿಬಿರದಲ್ಲಿ ನೋಂದಣಿಗೆ ಕೂರುತ್ತಿದ್ದ ಶೈಲಾ ಎಂಬ ಹುಡುಗಿ ಫೋನ್ ಮಾಡಿ ಅಳತೊಡಗಿದಳು. ಕಾರ್ಡು ಜೈನಾಪುರದ ಸೊಸೆ ಮಹಾದೇವಿಯದು, ಐದು ತಿಂಗಳ ಬಸುರಿ. ಅದರಲ್ಲಿ ಅಚ್ಚಾಗಿದ್ದ ಹೆಸರು ಅದೇ ಓಣಿಯ ಈರಪ್ಪನದು. ಈರಪ್ಪನ ಹೆಂಡತಿ ಶಾಂತವ್ವನೂ ಬಸುರಿ. ಇಬ್ಬರೂ ಗೆಳತಿಯರು, ಈರಪ್ಪನ ಟೆಂಪೊದಲ್ಲೇ ಶಿಬಿರಕ್ಕೆ ಬಂದಿದ್ದರು. ಸಾಲಿನಲ್ಲಿ ಶಾಂತವ್ವ ಮುಂದೆ, ಮಹಾದೇವಿ ಹಿಂದೆ. ಶಾಂತವ್ವನ ಕಾರ್ಡಿಗೆ ಈರಪ್ಪನೇ ಬಂದು ತನ್ನ ಹೆಸರು ಹೇಳಿ ಹೋಗಿದ್ದ. ಮನೆಯಲ್ಲಿ ಕಾರ್ಡು ಓದಿದಾಗ ಮಹಾದೇವಿಯ ಅತ್ತೆ ಗೌರವ್ವ ಸೊಸೆಯನ್ನು ಕೇಳಿದ್ದಳು.

“ಗಂಡನ ಹೆಸರು ಹೇಳಾಕ ನಾಚಿಕಿ ಬರತೈತಿ. ಆ ಈರಪ್ಪನ ಹೆಸರು ಹೆಂಗ ಬಾಯಾಗ ಬಂತು?”

ಮಹಾದೇವಿ ತಾನು ಯಾರ ಹೆಸರನ್ನೂ ಹೇಳಿಲ್ಲವೆಂದು ದೇವರಾಣೆ ಮಾಡಿದ್ದಳು. ಮಾವ, ಗಂಡ ಇಬ್ಬರೂ ಆಸ್ಪತ್ರೆಗೆ ಹೋಗಿ ಕೇಳಿದ್ದರು. ಅಲ್ಲಿ ಫೋನಿನೊಳಗಿಂದ ಕಲಿತವಳೊಬ್ಬಳು ನಕ್ಕು, ಯಾರೋ ಹೇಳಿರುತ್ತಾರೆ ಎಂದಿದ್ದಳು. ಅಷ್ಟು ಸಾಕಾಯಿತು. ಮರುದಿನವೇ ಅವಳನ್ನು ಇಟ್ಟಂಗಿಹಾಳದ ತವರಿಗೆ ಕಳಿಸಿದ್ದರು. ವಾಪಸ್ ಕರೆತರುವ ಮಾತನ್ನೇ ಯಾರೂ ಆಡಿರಲಿಲ್ಲ.

“ನಾ ಏನೂ ಟೈಪ್ ಮಾಡಿಲ್ರಿ ಅಕ್ಕಾರ” ಎಂದಳು ಶೈಲಾ. “ಆಕಿ ನಕ್ಕಳು, ನಾ ‘ಆಮೇಲೆ’ ಒತ್ತಿದೆ. ಸ್ಕ್ರೀನಿನ್ಯಾಗ ಖಾಲಿನ ಇತ್ತರಿ.”

ಈಗಲಾದರೂ ನನಗೆ ಎಚ್ಚರ ಬರಬೇಕಿತ್ತು. ಬರಲಿಲ್ಲ. ಗದ್ದಲದಲ್ಲಿ ಕೈತಪ್ಪಿರುತ್ತದೆ, ನೆನಪಿಲ್ಲ ನಿನಗೆ ಎಂದು ಆ ಹುಡುಗಿಯನ್ನೇ ಸಮಾಧಾನ ಮಾಡಿದೆ. ಆಫೀಸಿನಲ್ಲಿ ಬೇಕಾದರೆ ನೋಡೋಣವೆಂದು ಒಂದು ನೋಂದಣಿ ಮಾಡಿ ‘ಆಮೇಲೆ’ ಒತ್ತಿದೆ. ಕಾರ್ಡಿನಲ್ಲಿ ಖಾಲಿ ಸಾಲು. ಮುಚ್ಚಿ, ತೆರೆದು, ಮತ್ತೆ ಒಂದು. ಮತ್ತೆ ಖಾಲಿ. ನಾನೇ ಸರಿ ಎಂದು ಖಾತ್ರಿ ಮಾಡಿಕೊಂಡು ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ.

ಅದೇ ವಾರ ತಿಕೋಟಾದ ಶಿಬಿರದಲ್ಲಿ ಪ್ರಿಂಟರ್ ಕೈಕೊಟ್ಟಿತೆಂದು ನನ್ನನ್ನು ಕರೆಸಿದರು. ಪ್ರಿಂಟರ್ ಸರಿ ಮಾಡಿ ಶೈಲಾಳ ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ದ್ರಾಕ್ಷಿ ತೋಟದ ಕೆಲಸದಿಂದ ನೇರವಾಗಿ ಬಂದ ಹೆಂಗಸರು, ಸಾಲು ಬಾಗಿಲಾಚೆಗೂ ಇತ್ತು. ಒಬ್ಬಾಕೆಯ ಜೊತೆ ಮೈದುನ ಬಂದಿದ್ದ, ಅಣ್ಣನ ಹೆಸರು ಹೇಳಿದ, ಶೈಲಾ ಟೈಪ್ ಮಾಡಿದಳು. ಕಾರ್ಡು ಬಂತು. ಅವಳ ಹಿಂದಿನವಳು ತಲೆ ತಗ್ಗಿಸಿ ನಕ್ಕಳು, ಶೈಲಾ ‘ಆಮೇಲೆ’ ಒತ್ತಿದಳು. ನನ್ನ ಕಣ್ಣೆದುರೇ ಸ್ಕ್ರೀನಿನಲ್ಲಿ ಆ ಜಾಗ ಖಾಲಿ ಇತ್ತು. ಪ್ರಿಂಟರಿನಿಂದ ಹೊರಬಂದ ಕಾರ್ಡಿನಲ್ಲಿ ಮೊದಲಿನವಳ ಗಂಡನ ಹೆಸರು ಇತ್ತು.

ಶೈಲಾ ಕಾರ್ಡನ್ನು ಆ ಹೆಂಗಸಿಗೆ ಕೊಡದೆ ನನ್ನ ಕೈಗಿಟ್ಟಳು. ಕಿವಿಯವರೆಗೆ ಮುಖ ಕಾದುಹೋಗಿ, ಪ್ರಿಂಟರ್ ನೋಡುವ ನೆಪದಲ್ಲಿ ಬಗ್ಗಿ ಕೂತೆ. ಅವತ್ತಿನ ಉಳಿದ ಕಾರ್ಡುಗಳನ್ನೆಲ್ಲ ಕೈಯಿಂದಲೇ ಬರೆಸಿದೆ.

ಆಫೀಸಿಗೆ ಬಂದು ಹುಡುಕಿದರೆ ತಪ್ಪು ಅರ್ಧ ತಾಸಿನಲ್ಲಿ ಸಿಕ್ಕಿತು. ಓದುಗರಿಗೆ ಸ್ವಲ್ಪ ವಿವರಿಸಬೇಕು. ಒಂದು ಹೊಸ ನೋಂದಣಿ ಶುರುವಾದಾಗ ಪ್ರೋಗ್ರಾಂ ಕಂಪ್ಯೂಟರಿನ ಹತ್ತಿರ ಒಂದಿಷ್ಟು ಮೆಮೊರಿ ಜಾಗ ಕೇಳಿ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಹಿಂತಿರುಗಿಸುತ್ತದೆ. ಹಿಂತಿರುಗಿಸಿದ ಜಾಗವನ್ನು ಯಾರೂ ಒರೆಸುವುದಿಲ್ಲ. ಸಾಲೆಯಲ್ಲಿ ಒಬ್ಬ ಹುಡುಗ ಬರೆದ ಪಾಟಿಯನ್ನು, ಅಂದರೆ ಸ್ಲೇಟನ್ನು, ಒರೆಸದೆ ಇನ್ನೊಬ್ಬನಿಗೆ ಕೊಟ್ಟ ಹಾಗೆ. ಎರಡನೆಯವನು ಎಲ್ಲ ಸಾಲುಗಳ ಮೇಲೂ ಬರೆದರೆ ಹಳೆಯದು ಅಳಿಯುತ್ತದೆ. ಒಂದು ಸಾಲು ಬಿಟ್ಟರೆ ಅಲ್ಲಿ ಮೊದಲಿನವನ ಅಕ್ಷರ ಹಾಗೇ ಉಳಿಯುತ್ತದೆ. ಇದಕ್ಕೆ ಅನ್‌ಇನಿಶಿಯಲೈಸ್ಡ್ ಮೆಮೊರಿ ಎನ್ನುತ್ತಾರೆ. ಪಾಟಿ ಒರೆಸುವುದು ಪ್ರೋಗ್ರಾಂ ಬರೆದವರ ಕೆಲಸ. ನಾನು ಬರೆದ ‘ಆಮೇಲೆ’ ಗುಂಡಿ ಆ ಸಾಲನ್ನು ಮುಟ್ಟದೆ ಮುಂದೆ ಹೋಗುತ್ತಿತ್ತು. ಸ್ಕ್ರೀನಿನ ಚೌಕ ಬೇರೆ, ಡಿಸ್ಕಿಗೆ ಹೋಗುವ ದಾಖಲೆ ಬೇರೆ. ಆದ್ದರಿಂದ ಶೈಲಾಳ ಕಣ್ಣಿಗೆ ಖಾಲಿ, ಕಾರ್ಡಿನಲ್ಲಿ ಈರಪ್ಪ. ಆಫೀಸಿನಲ್ಲಿ ನಾನು ಪ್ರತಿ ಸಲ ಪ್ರೋಗ್ರಾಂ ಮುಚ್ಚಿ ತೆರೆದಿದ್ದೆ, ನನಗೆ ಪ್ರತಿ ಸಲವೂ ಹೊಸ ಪಾಟಿ ಸಿಕ್ಕಿತ್ತು.

ಇಷ್ಟೇ ಆಗಿದ್ದರೆ ತಪ್ಪು ಯಾರಿಗೂ ಆಗುತ್ತದೆ ಎನ್ನಬಹುದಿತ್ತು. ಆದರೆ ಇಂಥ ತಪ್ಪು ಹುಡುಕಲೆಂದೇ ವಾಲ್‌ಗ್ರೈಂಡ್ ಎಂಬ ಸಾಧನವಿದೆ. ಅದನ್ನು ನಾವು ಓಡಿಸುತ್ತಿದ್ದೆವು. ಒರೆಸದ, ಹೊಸದಾಗಿ ಏನೂ ಬರೆಯದ ಜಾಗಗಳು ಹಾಗೇ ಡಿಸ್ಕಿಗೆ ಹೋಗುತ್ತಿವೆ ಎಂದು ಅದು ಮೊದಲ ತಿಂಗಳೇ ಬಡಕೊಂಡಿತ್ತು. ದಾಖಲೆಯ ನಡುವೆ ಜೋಡಣೆಗಾಗಿ ಬಿಡುವ ಸಂದುಗಳಿಂದಲೂ ಅದೇ ಎಚ್ಚರಿಕೆ ಬರುತ್ತದೆ, ಅದು ನಿರುಪದ್ರವಿ. ಇದೂ ಅದೇ ಇರಬೇಕೆಂದು ನೋಡದೆಯೇ ತೀರ್ಮಾನಿಸಿ, ಆ ಎಚ್ಚರಿಕೆ ಇನ್ನು ತೋರಿಸಬೇಡ ಎಂದು ಅದರ ಬಾಯಿ ಮುಚ್ಚಿಸಿದವಳು ನಾನೇ. ಪಕ್ಕದಲ್ಲಿ ‘ಪರವಾಗಿಲ್ಲ’ ಎಂದು ಟಿಪ್ಪಣಿ ಬೇರೆ ಬರೆದಿದ್ದೆ. ಆ ಶಬ್ದ ಓದಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಪರವಾಗಿಲ್ಲವಂತೆ! ಯಾರಿಗೆ?

ದುರಸ್ತಿಗೆ ಬೇಕಾದದ್ದು ಒಂದೇ ಸಾಲು, ಜಾಗ ಸಿಕ್ಕ ಕೂಡಲೇ ಎಲ್ಲವನ್ನೂ ಸೊನ್ನೆ ಮಾಡುವುದು. ಅದನ್ನು ಬರೆದೆ. ‘ಆಮೇಲೆ’ ಒತ್ತಿಯೂ ಹೆಸರು ಅಚ್ಚಾದ ದಾಖಲೆಗಳನ್ನೆಲ್ಲ ಬೇರ್ಪಡಿಸಿದೆ. ಆ ಮನೆಗಳಿಗೆ ಆಸ್ಪತ್ರೆಯಿಂದ ಫೋನ್ ಹೋದವು, ಹೊಸ ಕಾರ್ಡು ಕೊಡುವುದೆಂದಾಯಿತು. ಹೆಚ್ಚಿನವರು ಕಾರ್ಡನ್ನು ಓದಿಯೇ ಇರಲಿಲ್ಲ. ಒಬ್ಬರು ನಕ್ಕು ಬಿಟ್ಟಿದ್ದರು. ಮನೆ ಒಡೆದದ್ದು ಜೈನಾಪುರದಲ್ಲಿ ಮಾತ್ರ. ಅಲ್ಲಿ ಫೋನಿನ ಮಾತನ್ನು ಗೌರವ್ವ ಕೇಳಲೇ ಇಲ್ಲ. ಮೊದಲು ಒಂದು ಹೇಳಿದಿರಿ, ಈಗ ಒಂದು ಹೇಳುತ್ತೀರಿ ಎಂದು ಇಟ್ಟುಬಿಟ್ಟಳಂತೆ.

ನಮ್ಮ ಮಾಲೀಕರು ಕೆಟ್ಟವರಲ್ಲ, ಆದರೆ ಅಂಜಿದರು. “ಆಸ್ಪತ್ರಿಯವರು ನೋಡ್ಕೋತಾರ ಬಿಡ್ರಿ. ನೀವು ಹೋಗಿ ಸಿಕ್ಕೊಬ್ಯಾಡ್ರಿ” ಎಂದರು. ಮನೆಗೆ ಬಂದು ನಮ್ಮವರ ಮುಂದೆ ಹೇಳಿದೆ. ಅವರು ಕಾಲೇಜಿನಲ್ಲಿ ಗಣಿತ ಕಲಿಸುವವರು, ಮಾತು ಕಡಿಮೆ. “ಫೋನಿನ್ಯಾಗ ನಕ್ಕು ಕೆಡಿಸಿದ್ದನ್ನ ಫೋನಿನ್ಯಾಗ ಸರಿ ಮಾಡಾಕ ಆಗಂಗಿಲ್ಲ. ಹೋಗಿ ಬಾ” ಎಂದರು.

ಮೊದಲು ಇಟ್ಟಂಗಿಹಾಳಕ್ಕೆ ಹೋದೆ. ಮಹಾದೇವಿ ದನದ ಕೊಟ್ಟಿಗೆಯ ಮುಂದೆ ಜೋಳ ಹಸನು ಮಾಡುತ್ತ ಕೂತಿದ್ದಳು. ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ನಾನು ಯಾರೆಂದು ಹೇಳಿ, ತಪ್ಪು ನಮ್ಮ ಪ್ರೋಗ್ರಾಮಿನದು, ನಿನ್ನದು ಏನೂ ಇಲ್ಲ ತಂಗಿ ಎಂದೆ. ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

“ನಂದ ತಪ್ಪಿಲ್ಲ ಅನ್ನೂದು ನನಗ ಗೊತ್ತೈತ್ರಿ. ನನಗ್ಯಾಕ ಹೇಳಾಕ ಬಂದೀರಿ? ಯಾರಿಗೆ ಹೇಳಿದ್ರಿ ಅವರಿಗೇ ಹೇಳ್ರಿ. ಎಲ್ಲಾರ ಮುಂದ ಹೇಳ್ರಿ.”

ಮರುದಿನ ಮಹಾದೇವಿ, ಅವಳ ಅಪ್ಪ, ಶೈಲಾ, ನಾನು ಜೈನಾಪುರಕ್ಕೆ ಹೋದೆವು. ಲ್ಯಾಪ್‌ಟಾಪು, ಪ್ರಿಂಟರು, ಹಳೆಯ ಪ್ರೋಗ್ರಾಮು, ಹೊಸದು, ಎಲ್ಲ ತಗೊಂಡಿದ್ದೆ. ಸುದ್ದಿ ಮೊದಲೇ ಹೋಗಿತ್ತು. ಗೌರವ್ವನ ಮನೆಯ ಅಂಗಳದಲ್ಲಿ ಓಣಿಯವರು ಸೇರಿದ್ದರು. ಈರಪ್ಪ, ಶಾಂತವ್ವ ಗೋಡೆಗೆ ಒರಗಿ ಒಬ್ಬರಿಗೊಬ್ಬರು ದೂರ ನಿಂತಿದ್ದರು. ಮಹಾದೇವಿಯ ಗಂಡ ಕಂಬದ ಹತ್ತಿರ ನೆಲ ನೋಡುತ್ತ ನಿಂತಿದ್ದ. ಮಹಾದೇವಿ ಒಳಗೆ ಬರದೆ ಕಟ್ಟೆಯ ಮೇಲೆಯೇ ಕೂತಳು.

“ಆವತ್ತ ಫೋನಿನ್ಯಾಗ ನಕ್ಕಾಕಿ ನೀವೇನ್ರಿ?” ಎಂದಳು ಗೌರವ್ವ.

“ಹೌದ್ರಿ, ನಾನಽ” ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿಗೆ ಮುಗಿಯಿತು. ಪಾಟಿಯ ಉದಾಹರಣೆ ಹೇಳಿದೆ. ಯಾರೂ ತಲೆಯಾಡಿಸಲಿಲ್ಲ.

“ಮಾತ ಬ್ಯಾಡ್ರಿ, ಮಾಡಿ ತೋರಸ್ರಿ” ಎಂದಳು ಗೌರವ್ವ. “ನನ್ನ ಹೆಸರನ ಹೊಡೀರಿ, ನೋಡೂಣು.”

ಹಳೆಯ ಪ್ರೋಗ್ರಾಂ ತೆರೆದೆ. ಮೊದಲು ಒಬ್ಬರದು ಗಂಡನ ಹೆಸರಿನ ಸಮೇತ ಹೋಗಬೇಕು, ಆಮೇಲೆ ಗೌರವ್ವನದು. ಮೊದಲಿನದು ಯಾರದು? ಯಾವ ಹೆಂಗಸೂ ಮುಂದೆ ಬರಲಿಲ್ಲ. ನನ್ನದೇ ಹಾಕು ಎಂದೆ. “ಯಜಮಾನರ ಹೆಸರು?” ಎಂದು ಶೈಲಾ ಅಭ್ಯಾಸಬಲದಿಂದ ಕೇಳಿದಳು. ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಸಾಲಾಗಿ ಕೂತ ಮುದುಕಿಯರ ಮುಂದೆ ನಾಲಿಗೆ ಏಳಲೇ ಇಲ್ಲ. ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿಕೊಂಡು ನಾನೇ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ತಕ್ಷಣ ಗೌರವ್ವನ ಹೆಸರು ಹಾಕಿ, ‘ಆಮೇಲೆ’ ಒತ್ತಿ, ಪ್ರಿಂಟ್ ಕೊಟ್ಟೆ. ಗೌರವ್ವನ ಕಾರ್ಡು ಬಂತು. ಗಂಡನ ಹೆಸರಿನ ಸಾಲು ಖಾಲಿ.

“ಬರೋಬ್ಬರಿ ಐತೆಲಾ!” ಎಂದಳು ಗೌರವ್ವ.

ಮಹಾದೇವಿಯ ಅಪ್ಪ ನನ್ನನ್ನು ನೋಡಿದ ನೋಟ ಈಗಲೂ ಮೈ ಚುಚ್ಚುತ್ತದೆ. ಕಟ್ಟೆಯ ಮೇಲೆ ಮಹಾದೇವಿ ಮುಖ ಆ ಕಡೆ ತಿರುಗಿಸಿದಳು. ಇವಳ ಮೇಲೆ ಎರಡನೆಯ ಸಲ ಕಲ್ಲು ಹಾಕಿದೆನಲ್ಲ ದೇವರೇ ಎಂದುಕೊಂಡೆ. ಅಷ್ಟರಲ್ಲಿ ಪ್ರಿಂಟರ್ ನೋಡಿದೆ. ನನ್ನ ಕಾರ್ಡು ಅಚ್ಚಾಗುವ ಮೊದಲೇ ಅವಸರದಲ್ಲಿ ನಾನು ಗೌರವ್ವನ ನೋಂದಣಿ ಶುರು ಮಾಡಿದ್ದೆ. ಮೊದಲಿನ ಕಾರ್ಡು ಪೂರ್ತಿ ಹೊರಬರುವವರೆಗೆ ಆ ಪಾಟಿ ಹಿಂದಕ್ಕೆ ಬರುವುದಿಲ್ಲ, ಹಾಗಾಗಿ ಗೌರವ್ವನದಕ್ಕೆ ಹೊಸ ಪಾಟಿ ಸಿಕ್ಕಿತ್ತು. ಶಿಬಿರದಲ್ಲಿ ಶೈಲಾ ಎಂದೂ ಹೀಗೆ ಮಾಡುತ್ತಿರಲಿಲ್ಲ. ಒಂದು ಕಾರ್ಡು ಕೈಗೆ ಕೊಟ್ಟ ಮೇಲೆಯೇ ಇನ್ನೊಬ್ಬರನ್ನು ಕರೆಯುತ್ತಿದ್ದಳು.

“ಶೈಲಾ, ದಿನಾ ಹೆಂಗ ಮಾಡತೀಯೋ ಹಂಗಽ ಮಾಡು” ಎಂದು ನಾನು ಎದ್ದು ಹಿಂದೆ ನಿಂತೆ.

ಅವಳು ನನ್ನ ನೋಂದಣಿ ಮಾಡಿದಳು. ಹೆಸರಿನ ಜಾಗ ಬಂದಾಗ ಮಾತ್ರ ನಾನು ಬಗ್ಗಿ ಟೈಪ್ ಮಾಡಿದೆ. ಕಾರ್ಡು ಬಂತು, ಕೈಗೆ ಕೊಟ್ಟಳು. “ಮುಂದಿನವರು ಬರ್ರಿ” ಎಂದಳು. ಗೌರವ್ವನ ಹೆಸರು, ಊರು, ವಯಸ್ಸು. “ಗಂಡನ ಹೆಸರು?” ಗೌರವ್ವ ಬಾಯಿ ಬಿಗಿಹಿಡಿದು ನಿಂತಳು. ‘ಆಮೇಲೆ’. ಖಾಲಿ ಚೌಕವನ್ನು ಎಲ್ಲರಿಗೂ ತೋರಿಸಿದಳು. ಪ್ರಿಂಟ್ ಕೊಟ್ಟಳು. ಕಾರ್ಡನ್ನು ಮಹಾದೇವಿಯ ಮಾವ ತಗೊಂಡು ಕಣ್ಣ ಹತ್ತಿರ ಹಿಡಿದು ಓದಿದರು. ಗೌರವ್ವನ ಗಂಡನೆಂದು ಅಲ್ಲಿ ಅಚ್ಚಾದದ್ದು ವಿಜಯಪುರದ ಗಣಿತದ ಮೇಷ್ಟರ ಹೆಸರು.

ಅಂಗಳ ಗೊಳ್ಳೆಂದಿತು. “ಯವ್ವಾ! ಗೌರಕ್ಕಗ ಬಿಜಾಪುರದ ಗಂಡ!” ಎಂದು ಒಬ್ಬ ಮುದುಕಿ ತೊಡೆ ತಟ್ಟಿ ನಕ್ಕಳು. ಶಾಂತವ್ವ ಅಳುತ್ತಲೇ ನಕ್ಕಳು. ಗೌರವ್ವ ನಗಲಿಲ್ಲ. ಕಾರ್ಡು ಇಸಿದುಕೊಂಡು, ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಾಡಿಸಿದಳು. “ನಾ ಬಾಯಿನ ತಗದಿಲ್ಲಲ್ಲ” ಎಂದಳು. ಹೇಳಿದ ಮೇಲೆ ತಾನೇ ಆಡಿದ ಮಾತು ಅವಳ ಕಿವಿಗೆ ಬಿತ್ತು. ಸೆರಗು ಮುಖಕ್ಕೆ ಹಿಡಿದು ಕೂತುಬಿಟ್ಟಳು.

ನಾನು ಮುಂದೆ ಬಂದು ಕೈ ಮುಗಿದೆ. ನೋಡದೆ, ಕೇಳದೆ ಮಾತಾಡಿದೆ, ನಕ್ಕೆ, ಅದರಿಂದ ಒಂದು ಹೆಣ್ಣುಮಗಳ ಮರ್ಯಾದೆ ಹೋಯಿತು, ತಪ್ಪು ನನ್ನದು ಎಂದೆ. ಯಾರೂ ‘ಇರಲಿ ಬಿಡ್ರಿ’ ಎನ್ನಲಿಲ್ಲ. ಅನ್ನದಿದ್ದದ್ದೇ ಸರಿ.

ಹೊಸ ಪ್ರೋಗ್ರಾಂ ಹಾಕಿ ಮಹಾದೇವಿಯ ಕಾರ್ಡು ತೆಗೆಯುವುದು ಉಳಿದಿತ್ತು. ಶೈಲಾ ಗಂಡನ ಹೆಸರಿನ ಸಾಲಿಗೆ ಬಂದಾಗ ಕಂಬದ ಹತ್ತಿರ ನಿಂತಿದ್ದ ಗಂಡ ಮುಂದೆ ಬಂದು ತನ್ನ ಹೆಸರು ಹೇಳಲು ಬಾಯಿ ತೆರೆದ.

“ಬ್ಯಾಡ” ಎಂದಳು ಮಹಾದೇವಿ ಕಟ್ಟೆಯಿಂದಲೇ. “ಖಾಲಿ ಇರ್ಲಿ.”

ಶೈಲಾ ನನ್ನ ಮುಖ ನೋಡಿದಳು. ‘ಆಮೇಲೆ’ ಒತ್ತು ಎಂದೆ. ಕಾರ್ಡು ಬಂತು. ಮಹಾದೇವಿ ಅದನ್ನು ತನ್ನ ಕೈಗೆ ತಗೊಳ್ಳಲಿಲ್ಲ.

“ಅವರ ಕೈಯಾಗ ಕೊಡ್ರಿ. ಎಲ್ಲಾರಿಗೂ ಕೇಳೂಹಂಗ ಓದಲಿ.”

ಅವಳ ಗಂಡ ಕಾರ್ಡು ಹಿಡಿದ. ಹೆಸರು ಓದಿದ, ಊರು ಓದಿದ, ವಯಸ್ಸು ಓದಿದ. “ಗಂಡನ ಹೆಸರು” ಎಂದು ನಿಂತ.

“ಏನೈತಿ?” ಎಂದಳು ಮಹಾದೇವಿ.

“ಏನೂ ಇಲ್ಲ.”

“ನಾ ಆವತ್ತ ಹೇಳಿದ್ದೂ ಅಷ್ಟಽ.”

ಗೌರವ್ವ ಎದ್ದು ಬಂದು, ಬೀಗರ ಕೈಯಲ್ಲಿದ್ದ ಮಹಾದೇವಿಯ ಬಟ್ಟೆಯ ಚೀಲ ತಗೊಂಡು ಒಳಗೆ ನಡೆದಳು. ಮಹಾದೇವಿ ಕೂಡಲೇ ಹಿಂದೆ ಹೋಗಲಿಲ್ಲ. ನಾವು ಪ್ರಿಂಟರ್ ಕಟ್ಟಿಕೊಳ್ಳುವವರೆಗೂ ಅಲ್ಲೇ ಕೂತಿದ್ದಳು. ಹೊರಡುವಾಗ ಅವಳ ಮುಂದೆ ನಿಂತು ಮತ್ತೆ ತಪ್ಪಾಯಿತೆಂದೆ.

“ಆತು ಹೋಗ್ರಿ ಅಕ್ಕಾರ” ಎಂದಳು. “ಇನ್ನ ಯಾರರ ಫೋನ್ ಮಾಡಿ ಕೇಳಿದ್ರ, ನೋಡಿ ಹೇಳತೇನಿ ಅನ್ರಿ.”

ಅದಾದ ಮೇಲೆ ಕಂಪನಿಯಲ್ಲಿ ನಾವು ಯಾವ ಎಚ್ಚರಿಕೆಯ ಬಾಯಿಯನ್ನೂ ನೋಡದೆ ಮುಚ್ಚಿಸುವುದಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ, ಜಾಗ ಸಿಕ್ಕ ಕೂಡಲೇ ಮೊದಲು ಒರೆಸಿರಿ, ಖಾಲಿ ಇರಬೇಕಾದದ್ದು ತಾನಾಗಿ ಖಾಲಿ ಇರುವುದಿಲ್ಲ ಎಂದು ಕಲಿಸುತ್ತೇನೆ. ಈ ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಮಾತ್ರ ಕೋಡಿನದಲ್ಲ. ಮಹಾದೇವಿ ಹೇಳದೇ ಬಿಟ್ಟ ಜಾಗದಲ್ಲಿ ನನ್ನ ಪ್ರೋಗ್ರಾಂ ಹಳೆಯ ಹೆಸರು ತುಂಬಿತು. ನನಗೆ ಗೊತ್ತಿರದ ಜಾಗದಲ್ಲಿ ನಾನು ನನ್ನ ತಲೆಯಲ್ಲಿ ಬಿದ್ದಿದ್ದ ಹಳೆಯ ಉತ್ತರವನ್ನೇ ತುಂಬಿದೆ. ಪ್ರೋಗ್ರಾಮನ್ನು ಒಂದು ಸಾಲಿನಲ್ಲಿ ತಿದ್ದಿದೆ. ನನ್ನನ್ನು ತಿದ್ದಿಕೊಳ್ಳುವುದು ಇನ್ನೂ ನಡೆದಿದೆ. ಈಗಲೂ ಫೋನ್ ಬಂದು, ಮೇಡಮ್ ಹಿಂಗ ಆಗಾಕ ಸಾಧ್ಯ ಐತೇನ್ರಿ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು, ಯಾರ ಕಾರ್ಡು, ಯಾವ ಊರು ಎಂದು ಮೊದಲು ಕೇಳುತ್ತೇನೆ. ಆಮೇಲೆ, ನೋಡಿ ಹೇಳತೇನ್ರಿ ಎನ್ನುತ್ತೇನೆ.